ಪುಸ್ತಕದ ಮಾತಿನ ಒಂದು ವಾರ

ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ತಾತನಿಗೆ ನಿವೃತ್ತಿಯಾದ ಮೇಲೆ ತಿದ್ದಲು ಸಿಕ್ಕಿದ್ದು ಮನೆಯವರ ಬಾಯಿ. ಮೊಮ್ಮಗಳು ಗುಬ್ಬಿಗೆ ಎರಡು ತುಂಬಿತ್ತು. ದಿನವಿಡೀ ಅದೇನೋ ಬಡಬಡಿಸುತ್ತಿದ್ದಳು, ಅರ್ಥವಾಗುವ ಒಂದು ಮಾತಿಲ್ಲ. "ನೀವೆಲ್ಲ ಅರ್ಧಂಬರ್ಧ ನುಂಗಿ ಮಾತಾಡಿದ್ರೆ ಮಗು ಕಲಿಯೋದು ಹೇಗೆ?" ಎಂದು ಗದರಿದ ತಾತ ಕಟ್ಟಳೆ ಹೊರಡಿಸಿಯೇಬಿಟ್ಟರು. ಇನ್ನು ಮಗುವಿನ ಮುಂದೆ ಎಲ್ಲರೂ ಪುಸ್ತಕದಲ್ಲಿರುವ ಹಾಗೆಯೇ ಮಾತಾಡಬೇಕು.

ಪಾಪ, ಸೊಸೆ ಶುರು ಮಾಡಿದಳು: "ಮಗುವೇ, ನೀನು ಹಾಲನ್ನು ಕುಡಿಯುವೆಯಾ?" ಗುಬ್ಬಿ ಅಮ್ಮನಿಗೆ ಜ್ವರವೇನೋ ಎಂಬಂತೆ ನೋಡಿದಳು. ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಮಗ ಬಾಯಿ ಬಿಟ್ಟರೆ ತಪ್ಪು ಎಂದು ತಲೆ ತಗ್ಗಿಸಿ ಉಂಡು ಜಾಗ ಖಾಲಿ ಮಾಡುತ್ತಿದ್ದ. ಅಜ್ಜಿಯದು ಬರೀ ಕೈಸನ್ನೆ. ಇಂಥ ಪಾಠಕ್ಕೆ ಯಾವ ಮಗು ತಾನೇ ಬಾಯಿ ಬಿಟ್ಟೀತು! ವಾರ ಕಳೆಯುವುದರೊಳಗೆ ಗುಬ್ಬಿಯೂ ಗಪ್‌ಚಿಪ್.

"ಮಾವ, ಮೊದ್ಲು ಏನಾದ್ರೂ ಅಂತಿದ್ಳು. ಈಗ ಅದೂ ನಿಂತೋಗಿದೆ," ಎಂದು ಸೊಸೆ ಕಣ್ಣೊರೆಸಿಕೊಂಡಳು. ತಾತನಿಗೂ ಭಯವಾಯಿತು. ಮಗು ಮಾತೇ ಆಡದೆ ಹೋದರೆ? ಆದರೂ ಸೋತೆ ಎನ್ನಲು ನಾಲಿಗೆ ಏಳಲಿಲ್ಲ. "ನೋಡೋಣ" ಎಂದು ಗೊಣಗಿ ಪೇಪರ್ ಹಿಡಿದು ಕೂತರು. ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಒಲೆಯ ಮೇಲಿನ ಹಾಲು ಕಾಯುವ ಕೆಲಸ ತಾತನ ಪಾಲಿಗೆ ಬಂತು. ಗುಬ್ಬಿ ಅಡುಗೆಮನೆ ಬಾಗಿಲಲ್ಲಿ ಪಾತ್ರೆಯ ಮುಚ್ಚಳ ತಿರುಗಿಸುತ್ತಾ ಸುಮ್ಮನೆ ಕೂತಿದ್ದಳು. ತಾತ ಅವಳನ್ನೇ ನೋಡುತ್ತಾ ಹಾಲನ್ನು ಮರೆತರು.

"ಅಯ್ಯೋ, ಹಾಲು ಉಕ್ತಾ ಇದೆಯಲ್ರೀ! ಕಣ್ಣೆಲ್ಲಿ ಇಟ್ಟಿದೀರಾ?" ವಾರದಿಂದ ಅದುಮಿಟ್ಟಿದ್ದ ಅಜ್ಜಿಯ ದನಿ ಸೂರು ಹಾರಿಹೋಗುವಂತೆ ಬಂತು. ತಾತ ಗಾಬರಿಯಲ್ಲಿ ಬರಿಗೈಯಲ್ಲೇ ಪಾತ್ರೆ ಹಿಡಿದರು.

"ಅಯ್ಯಯ್ಯೋ! ಬಾರೇ ಬೇಗ, ಕೈ ಸುಟ್ಟೋಯ್ತು!"

ಕಟ್ಟಳೆ ಅಲ್ಲಿಗೆ ಮುಗಿಯಿತು. ಸೊಸೆ "ನಲ್ಲಿ ತಿರುಗ್ಸಿ, ನಲ್ಲಿ!" ಅಂದಳು, ಮಗ "ಬಿಡಪ್ಪಾ ಅದನ್ನ" ಅಂದ, ಅಜ್ಜಿ ಬೈಯುತ್ತಲೇ ಗಂಡನ ಕೈಯನ್ನು ನೀರಿಗೆ ಹಿಡಿದರು. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದವರು ಒಬ್ಬೊಬ್ಬರಾಗಿ ನಗತೊಡಗಿದರು.

ಗುಬ್ಬಿ ಎದ್ದು ಬಂದು ತಾತನ ಅಂಗಿ ಜಗ್ಗಿದಳು.

"ಕೈ ಸುಟ್ಟೋಯ್ತಾ ತಾತ?"

ಹೀಗೆ ಕೇಳಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾತ ಅಲ್ಲೇ ನೆಲದ ಮೇಲೆ ಕೂತರು. ಸಂತೋಷಕ್ಕೆ ಕಣ್ಣು ತುಂಬಿ ಬಂತು. ಅವಳು ಬೆರಳು ಹಿಡಿದು, ಕೆನ್ನೆ ಉಬ್ಬಿಸಿ, ಉಫ್ ಎಂದು ಊದಿದಳು. ಉರಿ ಆಗಲೇ ಇಳಿದಿತ್ತು. ಆದರೂ ತಾತ ಏನೂ ಆಗದ ಇನ್ನೊಂದು ಕೈಯನ್ನು ಮುಂದೆ ಚಾಚಿದರು.

"ಇದೂ ಸುಟ್ಟೋಯ್ತು ಕಣೇ. ಇನ್ನೊಂದ್ಸಲ ಕೇಳು."