ಬೆರಳಿಲ್ಲದ ಕೈಗವಸು

ಸುಮಿಯೆ ಬಿಯರ್ ಬಾಟಲಿ ಎತ್ತಿದ್ದೇ ತಡ, ಎದುರಿಗೆ ಕೂತಿದ್ದ ಕುಜಿರಾಯ್ ಅದನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡರು.

"ಬಿಡಿ ಸುಮಿಯೆಯವರೇ, ನಾನು ಬಗ್ಗಿಸ್ತೀನಿ. ನಿಮಗ್ಯಾಕೆ ಕಷ್ಟ."

ಚಿತಾಗಾರದ ಮಹಡಿಯ ಕೋಣೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಕೆಳಗೆ ತೊಕಿಕೊಳ ದೇಹ ಉರಿಯುತ್ತಿತ್ತು. ಅದು ಮುಗಿಯುವವರೆಗೆ ಸುಶಿ, ಬಿಯರ್, ಸತ್ತವಳ ಗುಣಗಾನ. ಜಪಾನಿನ ಹಮಾಮತ್ಸು ಪಿಯಾನೊ ತಯಾರಿಸುವ ಊರು. ಇಲ್ಲಿ ತೊಕಿಕೊಳಂಥ ಪಿಯಾನೊ ಕಲಾವಿದೆ ಸತ್ತರೆ ಗುಣಗಾನಕ್ಕೇನು ಬರ? ಸುಮಿಯೆಗೂ ಬೆಳಗಿನಿಂದ ಅತ್ತು ಅತ್ತು ಕಣ್ಣು ಊದಿತ್ತು.

"ನನಗೆಂಥ ಕಷ್ಟ?" ಎಂದಳು.

ಕುಜಿರಾಯ್ ತೊಕಿಕೊಳ ಕಛೇರಿಗಳನ್ನೆಲ್ಲ ಮೊದಲಿನಿಂದಲೂ ಏರ್ಪಡಿಸುತ್ತ ಬಂದವರು. ಅವರು ದನಿ ತಗ್ಗಿಸಿದರು. "ಇನ್ನಾದ್ರೂ ಕೇಳಬಹುದು ಅಂದ್ಕೊಳ್ತೀನಿ. ಕೈ ಈಗ ಹೇಗಿದೆ?"

"ಯಾರ ಕೈ?"

"ನಿಮ್ದೇ. ಆ ನಡುಕ. ಪಾಪ, ಚಿಕ್ಕ ವಯಸ್ಸಲ್ಲೇ ನರ ಕೈಕೊಡ್ತಲ್ಲ."

ತೊಕಿಕೊಳ ತಮ್ಮ ಗೆನ್ಜೊ, ಕುಜಿರಾಯ್ ಅವರ ತೋಳು ಹಿಡಿದ. "ಈಗ್ಯಾಕೆ ಆ ಮಾತು? ಎತ್ತಬೇಡಿ ಅಂತ ಅಕ್ಕ ಹೇಳಿದ್ಲಲ್ಲ."

*

ಸಂಗೀತ ಶಾಲೆಯಲ್ಲಿ ಸುಮಿಯೆ, ತೊಕಿಕೊ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಂದೇ ಪಿಯಾನೊ ನುಡಿಸುತ್ತಿದ್ದರು. ಊರು ಆ ಜೋಡಿಯನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಗಟ್ಟಿಗಿತ್ತಿ ಯಾರೆಂದು ಇಬ್ಬರಿಗೂ ಗೊತ್ತಿತ್ತು: ತೊಕಿಕೊ ತಪ್ಪಿದಾಗಲೆಲ್ಲ ಸುಮಿಯೆ ಯಾರಿಗೂ ತಿಳಿಯದಂತೆ ಸಂಭಾಳಿಸುತ್ತಿದ್ದಳು. ಒಂದು ಚಳಿಗಾಲ ಜೋಡಿ ಕಛೇರಿಗೆ ಕರೆಗಳು ಬರುವುದು ನಿಂತುಹೋಯಿತು.

"ಜನಕ್ಕೆ ಈಗ ಜೋಡಿ ಬೇಡವಂತೆ ಕಣೇ," ಎಂದಳು ತೊಕಿಕೊ. "ನಿನ್ನೊಬ್ಬಳದೇ ಕಛೇರಿ ಇಡಿ ಅಂತ ಕುಜಿರಾಯ್ ಹತ್ರ ಗೋಗರೆದೆ. ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. ನನ್ನ ಜೊತೇಲೇ ಇರು. ನಾನು ನುಡಿಸುವಾಗ ಸ್ವರದ ಹಾಳೆ ತಿರುವೋಕೆ ನಿನ್ನಂಥವಳು ಎಲ್ಲಿ ಸಿಗ್ತಾಳೆ?"

ತನ್ನಲ್ಲೇ ಏನೋ ಕೊರತೆ ಎಂದು ಸುಮಿಯೆ ನಂಬಿದಳು. ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದಳು. ಕಛೇರಿ ಇದ್ದ ದಿನ ತೊಕಿಕೊಳ ಎಡಕ್ಕೆ ಕೂತು ಹಾಳೆ ತಿರುವಿದಳು. ತೊಕಿಕೊ ತಾನೇ ಹೆಣೆದ ಬೂದುಬಣ್ಣದ ಉಣ್ಣೆಯ ಕೈಗವಸು ತಂದುಕೊಡುತ್ತಿದ್ದಳು. ಬೆರಳುಗಳನ್ನು ಬಿಟ್ಟು ಮಣಿಕಟ್ಟನ್ನು ಬಿಗಿಯಾಗಿ ಮುಚ್ಚುವಂಥದ್ದು. "ವೇದಿಕೆ ಮೇಲೆ ತೆಗೀಬೇಡ್ವೇ, ಥಂಡಿ ಹತ್ತುತ್ತೆ." ಬೇಸಿಗೆಯಲ್ಲೂ ಬಿಡುತ್ತಿರಲಿಲ್ಲ. ಒಡಹುಟ್ಟಿದವರೂ ಇಷ್ಟು ಅಕ್ಕರೆ ತೋರಿಸುವುದಿಲ್ಲ ಎಂದು ಸುಮಿಯೆ ಕರಗಿಹೋಗುತ್ತಿದ್ದಳು. ಈ ದಿನವೂ ಅದನ್ನೇ ತೊಟ್ಟು ಬಂದಿದ್ದಳು.

*

"ನನ್ನ ಕೈಗೆ ಏನೂ ಆಗಿಲ್ಲ," ಎಂದಳು ಸುಮಿಯೆ.

ಕುಜಿರಾಯ್ ಕನಿಕರದಿಂದ ನಕ್ಕರು. "ನಿಮ್ಮೊಬ್ಬರದೇ ಕಛೇರಿ ಇಡೋಣ ಅಂತ ನಾನೇ ಎಷ್ಟು ಸಲ ಕೇಳಿದ್ದೆ. ತೊಕಿಕೊ ಅವರು ಕಣ್ಣೀರು ಹಾಕೋರು. ಸುಮಿಯೆ ಮುಂದೆ ಕೈ ಸುದ್ದಿ ಎತ್ತಬೇಡಿ, ಕುಸಿದುಹೋಗ್ತಾಳೆ ಅನ್ನೋರು. ನಾವ್ಯಾರೂ ಎತ್ತಲಿಲ್ಲ. ನಡುಕ ತಡೆಯೋಕೆ ನೀವು ಹಾಕ್ಕೊಂಡ ಕೈಗವಸು ಕಣ್ಣಿಗೆ ಕಾಣ್ತಾನೇ ಇತ್ತಲ್ಲ."

ಎಲ್ಲರೂ ಸಭ್ಯರು. ಇಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ಅಸಭ್ಯ ಸಿಕ್ಕಿದ್ದರೂ ಸುಮಿಯೆಯ ಬದುಕು ಬೇರೆಯಾಗುತ್ತಿತ್ತು. ಜುಟ್ಟು ಹಿಡಿದು ಕೇಳೋಣವೆಂದರೆ ಕೇಳಬೇಕಾದವಳು ಕೆಳಗೆ ಬೂದಿಯಾಗುತ್ತಿದ್ದಾಳೆ. ಇನ್ನು ಇವರ ಮುಂದೆ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ಅಷ್ಟರಲ್ಲಿ ಕೆಳಗಿನಿಂದ ಕರೆ ಬಂತು.

ಉಕ್ಕಿನ ತಟ್ಟೆಯ ಮೇಲೆ ಬೆಳ್ಳಗಿನ ಮೂಳೆಗಳು ಹರಡಿದ್ದವು. ಪದ್ಧತಿಯಂತೆ ಇಬ್ಬಿಬ್ಬರಾಗಿ, ಊಟದ ಕಡ್ಡಿಗಳಂಥ ಉದ್ದನೆಯ ಕಡ್ಡಿಗಳಲ್ಲಿ ಒಂದೊಂದನ್ನೇ ಹಿಡಿದೆತ್ತಿ ಭರಣಿಗೆ ಹಾಕಬೇಕು. ಕಾಲಿನ ಮೂಳೆಗಳಾದವು. ಕೈಯ ಸರದಿ ಬಂದಾಗ ಗೆನ್ಜೊ ತಡವರಿಸಿದ.

"ಸುಮಿಯಕ್ಕ, ಇದನ್ನ ನೀವೇ ಎತ್ಬೇಕಿತ್ತು. ಆದ್ರೆ... ಬೇಡ ಬಿಡಿ. ಬಿದ್ದುಗಿದ್ದು ಹೋದ್ರೆ ಅಪಶಕುನ."

"ನಾನು ಜೊತೆಗೆ ಹಿಡ್ಕೊಳ್ತೀನಿ," ಎಂದರು ಕುಜಿರಾಯ್.

ಸುಮಿಯೆ ಕೈಗವಸುಗಳನ್ನು ಕಳಚಿ ಗೆನ್ಜೊನ ಕೈಗಿಟ್ಟಳು. ಕಡ್ಡಿಗಳನ್ನು ತೆಗೆದುಕೊಂಡಳು. ತೊಕಿಕೊಳ ಬೆರಳಿನ ತುಂಡೊಂದು ಹುರಿದ ಕಡಲೆಯಷ್ಟು ಹಗುರವಾಗಿತ್ತು. ಇಬ್ಬರೂ ಅದನ್ನು ಎತ್ತಿದರು. ಅರ್ಧ ದಾರಿಯಲ್ಲಿ ಕುಜಿರಾಯ್ ಅವರ ಮುದಿ ಕೈ ಕಂಪಿಸಿ ಕಡ್ಡಿಗಳು ಜಾರಿದವು. ಯಾರೋ ಉಸಿರು ಎಳೆದುಕೊಂಡರು.

ಮೂಳೆ ಬೀಳಲಿಲ್ಲ. ಸುಮಿಯೆ ಅದನ್ನು ಭರಣಿಯ ಬಾಯಿಯ ಮೇಲೆ ಹಿಡಿದು ನಿಂತಳು.

"ಹಾಕಿ, ಸುಮಿಯಕ್ಕ," ಎಂದ ಗೆನ್ಜೊ.

ಅವಳು ಹಾಕಲಿಲ್ಲ. ಕುಜಿರಾಯ್ ಮೂಳೆಯಿಂದ ಕಣ್ಣು ತೆಗೆದು ಅವಳ ಬರಿಯ ಮಣಿಕಟ್ಟನ್ನು ನೋಡಿದರು. ಆಮೇಲೆ ಗೆನ್ಜೊ ನೋಡಿದ, ಅವನ ಹಿಂದಿದ್ದವರು ನೋಡಿದರು. ಕಡ್ಡಿಗಳ ತುದಿ ಒಂದಿಷ್ಟೂ ಅಲುಗದೆ ಗಾಳಿಯಲ್ಲಿ ನಿಂತಿತ್ತು.