ಗಿಜ್ಲಾನಳ ಮನೆಯ ಗೇಮ್ ಪೆಟ್ಟಿಗೆ

ಮೂವತ್ತೊಂದು ವರ್ಷ ಅಗಾದಿರ್ ಬಂದರಿನ ಸುಂಕದ ಕಟ್ಟೆಯಲ್ಲಿ ಪೆಟ್ಟಿಗೆ ಬಿಚ್ಚಿಸಿ ನೋಡಿದವನು ನಾನು. ಮೇಲೆ ಟೊಮೇಟೊ ಎಂದು ಬರೆದಿದ್ದರೆ ಒಳಗೂ ಟೊಮೇಟೊ ಇದೆಯೆಂದು ನಂಬಿ ರುಜು ಹಾಕಿದ ದಿನ ಒಂದೂ ಇಲ್ಲ. ನಿವೃತ್ತನಾದ ಮೇಲೆ ಬಿಚ್ಚಲು ಪೆಟ್ಟಿಗೆ ಸಿಗದೆ ಮನೆಯನ್ನೇ ತಪಾಸಣೆ ಮಾಡತೊಡಗಿದೆ ಎಂಬುದು ನನ್ನ ಹೆಂಡತಿ ಹಾದ್ದಾಳ ದೂರು. ಬೇಳೆಯಲ್ಲಿ ಕಲ್ಲು, ಹಾಲಿನಲ್ಲಿ ನೀರು, ತಕ್ಕಡಿಯಲ್ಲಿ ಮೋಸ ಹುಡುಕಿದ್ದು ನಿಜ. ಸಿಕ್ಕಿದ್ದೂ ನಿಜ.

ಅಂಥ ನನ್ನ ಮುಂದೆ, ಐವತ್ತೆಂಟು ವರ್ಷದ ಹಾದ್ದಾ ಒಂದು ಬೆಳಿಗ್ಗೆ ಚಹಾ ಇಟ್ಟು, "ನನಗೊಂದು ವಿಡಿಯೋ ಗೇಮ್ ಬೇಕು" ಅಂದಳು.

"ಮೊಮ್ಮಕ್ಕಳಿಗಾ?"

"ಮೊಮ್ಮಕ್ಕಳಿಗೆ ಅಂತ ನಾನು ಹೇಳಿದ್ನಾ? ನನಗೆ. ಟೀವಿಗೆ ಹಾಕ್ಕೊಂಡು ಆಡೋದು. ಹಬ್ಬಕ್ಕೆ ರಬಾತಿಗೆ ಹೋದಾಗ ತಂಗಿ ಮನೇಲಿ ಆಡಿದ್ದೆ."

"ಯಾಕೆ ಬೇಕು?"

"ಆಡೋಕೆ."

ಇಷ್ಟು ಚಿಕ್ಕ ಉತ್ತರ ಕೊಡುವವರ ಸರಕನ್ನೇ ನಾನು ಮೊದಲು ಬಿಚ್ಚಿಸುತ್ತಿದ್ದದ್ದು. ಆದರೆ ಹೆಂಡತಿಯನ್ನು ಬಿಚ್ಚಿಸುವುದು ಹೇಗೆ? ಬೇಡ ಎನ್ನಲಿಲ್ಲ. ವಿಚಾರಿಸೋಣ ಅಂದೆ.

ಎರಡು ವಾರ ವಿಚಾರಿಸಿದೆ. ತಲ್ಬೋರ್ಜ್ತ್ ಪೇಟೆಯ ರಿಪೇರಿ ಅಂಗಡಿಯವನು ನಾನು ದೂರದಲ್ಲಿ ಕಂಡರೆ ಸಾಕು, ಷಟರ್ ಅರ್ಧ ಇಳಿಸುತ್ತಿದ್ದ. ಒಂದು ಹಾಳೆಯ ಬಲಕ್ಕೆ ಗುಣ, ಎಡಕ್ಕೆ ದೋಷ ಬರೆದೆ. ಡಿಸ್ಕ್ ಹಾಕುವ ಮಾದರಿಯಾದರೆ ಹಳೆಯ ಆಟಗಳನ್ನು ಕೊಂಡು, ಆಡಿ, ಮತ್ತೆ ಮಾರಬಹುದು. ಇಂಟರ್ನೆಟ್ ಹೋದರೂ ಆಡಬಹುದು. ಒಂದೇ ಸೋಫಾದಲ್ಲಿ ಇಬ್ಬರು ಕೂತು ಆಡಬಹುದು, ಇದನ್ನು ಹಾದ್ದಾ ನನ್ನ ಕೈಯಿಂದ ಪೆನ್ನು ಕಸಿದುಕೊಂಡು ಬರೆದಳು. ಎಡಗಡೆಯ ಪಟ್ಟಿ ಉದ್ದವಾಗಿತ್ತು. ಎರಡು ವರ್ಷ ಕಳೆದರೆ ಒಳಗಿನ ಫ್ಯಾನು ಮೀನಿನ ಲಾರಿಯಂತೆ ಕೂಗುತ್ತದೆ. ನಾಲ್ಕು ಆಟ ತುಂಬಿದರೆ ಐದನೆಯದಕ್ಕೆ ಜಾಗವಿಲ್ಲ. ಬೇರೆ ಊರಿನವರ ಜೊತೆ ಆಡಬೇಕೆಂದರೆ ತಿಂಗಳು ತಿಂಗಳು ಚಂದಾ ಕಟ್ಟಬೇಕು, ಅಂದರೆ ಯಂತ್ರ ಕೊಂಡಮೇಲೂ ಅದು ಪೂರ್ತಿ ನಮ್ಮದಲ್ಲ. ಕಂಟ್ರೋಲರಿನ ಗುಂಡಿ ಸವೆದರೆ ಕೈ ಮುಟ್ಟದಿದ್ದರೂ ಪರದೆಯ ಮೇಲಿನ ಕಾರು ತಾನೇ ಎಡಕ್ಕೆ ಹೋಗುತ್ತಿರುತ್ತದೆ.

"ಅದೊಂದು ನನಗೆ ಅಭ್ಯಾಸ ಇದೆ," ಅಂದಳು ಹಾದ್ದಾ. "ಹೇಳಿದ ಕಡೆ ಹೋಗದೇ ಇರೋರ ಜೊತೆ ಮೂವತ್ತೈದು ವರ್ಷ ಬಾಳಿದ್ದೀನಿ."

ಕೊನೆಗೆ ಫೋನಿನಲ್ಲಿ ಜಾಹೀರಾತು ಕಂಡದ್ದೂ ಅವಳಿಗೇ. ಬಂದರಿನ ಆಚೆ ಅನ್ಜಾದಲ್ಲಿ, ಮೀನಿನ ಕಾರ್ಖಾನೆಗಳ ಹಿಂದಿನ ಕೇರಿಯಲ್ಲಿ ಒಂದು ಮನೆ. ಡಿಸ್ಕ್ ಹಾಕುವ ಮಾದರಿ, ಎರಡು ಕಂಟ್ರೋಲರ್, ಆರು ಆಟ, ಬೆಲೆ ಮಾತ್ರ ಸಂತೆಯ ಬೆಲೆಯ ಅರ್ಧ. "ಇವತ್ತೇ ಬಂದು ತಗೊಂಡು ಹೋಗಿ" ಎಂದು ಬರೆದಿತ್ತು. ಅರ್ಧ ಬೆಲೆ, ಅದರ ಮೇಲೆ ಅವಸರ. ನನ್ನ ಮೂಗು ಅಲ್ಲೇ ಚುರುಕಾಯಿತು.

ಭಾನುವಾರ ಮಧ್ಯಾಹ್ನ ಹೋದೆವು. ಬಾಗಿಲು ತೆರೆದವಳು ಮೂವತ್ತರ ಒಳಗಿನ ಹೆಂಗಸು, ಹೆಸರು ಗಿಜ್ಲಾನ್, ಸಾರ್ಡೀನ್ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೆಲಸ. ಹೊಸ್ತಿಲಲ್ಲಿ ಗಂಡಸಿನ ಚಪ್ಪಲಿ ಇತ್ತು, ಗಂಡಸು ಕಾಣಲಿಲ್ಲ. ಅಡುಗೆಮನೆಯ ಪರದೆ ಗಾಳಿಯಿಲ್ಲದೆ ಅಲುಗಿತು. ಪೆಟ್ಟಿಗೆ ಆಗಲೇ ರಟ್ಟಿನ ಡಬ್ಬದಲ್ಲಿತ್ತು, ಮೇಲೆ ಅಂಟುಪಟ್ಟಿ ಬೇರೆ.

"ಬಿಚ್ಚಿ ನೋಡಬೇಕು," ಅಂದೆ.

"ಚೆನ್ನಾಗೇ ಇದೆ ಹಾಜ್. ನೋಡೋದೇನಿದೆ?" ಅಂದಳು, ಹಿರಿಯರನ್ನು ಕರೆಯುವ ಗೌರವದಲ್ಲಿ.

"ಚೆನ್ನಾಗಿದ್ರೆ ನೋಡೋಕೆ ತೊಂದರೆ ಏನಮ್ಮ? ರಸೀದಿ ಇದೆಯಾ?"

"ಇಲ್ಲ. ನಮ್ಮ ಮನೆಯವರು ತಂದಿದ್ದು."

"ಅವರೆಲ್ಲಿ?"

"ಸಮುದ್ರದಲ್ಲಿ. ದಾಖ್ಲಾ ಕಡೆ, ಬಲೆಗೆ ಹೋಗಿದ್ದಾರೆ."

ಅವಳು ಡಬ್ಬ ಬಿಚ್ಚಲು ಚಾಕು ತರಲು ಎದ್ದಾಗ ನಾನು ಹಾದ್ದಾಳ ಕಿವಿಯ ಹತ್ತಿರ ಬಾಗಿ, ತುಟಿ ಅಲುಗದಂತೆ, "ಕದ್ದ ಮಾಲು" ಅಂದೆ.

"ಕದ್ದಿದ್ದಲ್ಲಪ್ಪ," ಎಂದು ಅಡುಗೆಮನೆಯಿಂದ ಮುದುಕಿಯೊಬ್ಬಳ ದನಿ ಬಂತು. "ನನ್ನ ಮಗ ದುಡಿದು ತಂದಿದ್ದು."

ಹಾದ್ದಾ ನನ್ನ ತೊಡೆಗೆ ಚಿವುಟಿದಳು. ಚಹಾ ತಟ್ಟೆ ಹಿಡಿದು ಬಂದವಳು ಗಿಜ್ಲಾನಳ ಅತ್ತೆ, ಲಲ್ಲಾ ತಾಮು. ಅರುವತ್ತೈದು ದಾಟಿದ ಗುಂಡಗಿನ ಹೆಂಗಸು, ಮುಂಗೈ ತನಕ ರವೆ ಮೆತ್ತಿತ್ತು. ಬೆಳಿಗ್ಗೆ ಹೊತ್ತು ಮ್ಸೆಮೆನ್ ರೊಟ್ಟಿ ತಟ್ಟಿ ಕೇರಿಯವರಿಗೆ ಮಾರುತ್ತಾಳಂತೆ. ತಟ್ಟೆ ಇಟ್ಟವಳು ಒಳಗೆ ಹೋಗಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

ನಾನು ಟಾರ್ಚು, ಭೂತಗನ್ನಡಿ ತೆಗೆದೆ. ಕೆಳಗಿನ ಸ್ಕ್ರೂಗಳ ತಲೆ ಸವೆದಿರಲಿಲ್ಲ, ಯಾರೂ ಒಳಗೆ ಕೈ ಹಾಕಿಲ್ಲ. ಗಾಳಿಯ ಕಿಂಡಿಯಲ್ಲಿ ಧೂಳು ಕಡಿಮೆ. ಡಿಸ್ಕ್ ಹಾಕಿದರೆ ತಕರಾರಿಲ್ಲದೆ ನುಂಗಿತು. ಫ್ಯಾನಿನ ಸದ್ದು ಇತ್ತು, ಲಾರಿಯಷ್ಟಲ್ಲ. ಒಂದು ಕಂಟ್ರೋಲರ್ ಹೊಸದರಂತಿತ್ತು. ಇನ್ನೊಂದರ ಗುಂಡಿಗಳ ಸಂದಿನಲ್ಲಿ ಎಣ್ಣೆಯ ಪಸೆ, ಅದಕ್ಕೆ ಅಂಟಿದ ಏನೋ ಬಿಳಿ ಕಾಳು. ದೋಷದ ಪಟ್ಟಿಗೆ ಅದನ್ನೂ ಸೇರಿಸಿದೆ.

ಟೀವಿಯಲ್ಲಿ ಪೆಟ್ಟಿಗೆ ಎಚ್ಚರವಾಯಿತು. ಮುನೀರ್ ಎಂಬ ಹೆಸರು ಬಂತು. "ಅವರೇ," ಅಂದಳು ಗಿಜ್ಲಾನ್. ಎಷ್ಟು ಜಾಗ ಉಳಿದಿದೆ ನೋಡೋಣವೆಂದು ನಾನು ಸೆಟ್ಟಿಂಗ್ ತೆಗೆಯುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಸಾಲು ಮೂಡಿತು. ಹಾದ್ದಾ ಅದನ್ನು ಗಟ್ಟಿಯಾಗಿ ಓದಿಬಿಟ್ಟಳು: "ನೋರಾ: ಮೂರು ದಿನ ಆಯ್ತು, ಯಾಕೆ ಬರಲಿಲ್ಲ? ಮುನಿಸಾ?"

ಗಿಜ್ಲಾನ್ ಸೋಫಾದ ತುದಿಯಲ್ಲಿ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಇದೇ ಕಾರಣ ಹಾಜ್," ಅಂದಳು. "ರಸೀದಿ ಕೇಳಿದ್ರಲ್ಲ, ಇದೇ ರಸೀದಿ. ಎರಡು ತಿಂಗಳ ಹಿಂದೆ ಇದೇ ಥರ ಒಂದು ಸಾಲು ಬಂತು. ಯಾರವಳು ಅಂತ ಕೇಳಿದೆ. ನನಗೆ ಗೊತ್ತಿಲ್ಲ ಅಂದ್ರು. ರೊಟ್ಟಿ ಮೇಲೆ ಕೈಯಿಟ್ಟು ಆಣೆ ಮಾಡಿದ್ರು. ರೊಟ್ಟಿ ಮೇಲೆ ಸುಳ್ಳು ಹೇಳೋನು ಇನ್ನೇನು ಮಾಡಲ್ಲ? ಅವತ್ತಿಂದ ಒಂದು ದಿನ ನೆಟ್ಟಗೆ ಮಾತಾಡಿಲ್ಲ ನಾನು. ಈ ಸಲ ಊಟ ಬಿಟ್ಟು ದೋಣಿ ಹತ್ತಿದ್ರು. ಬರೋಷ್ಟರಲ್ಲಿ ಇದು ಮನೇಲಿರಬಾರದು."

"ಆ ಹೆಂಗಸು ಬರೆದಿದ್ದನ್ನೆಲ್ಲ ತೆಗೆದು ನೋಡಿದ್ಯಾ ಮಗಳೇ?" ಹಾದ್ದಾ ಕೇಳಿದಳು.

"ಧೈರ್ಯ ಬರಲಿಲ್ಲ ಖಾಲ್ತಿ," ಅಂದಳು, ಚಿಕ್ಕಮ್ಮನನ್ನು ಕರೆದಂತೆ.

ಅಲ್ಲಿಂದ ಎದ್ದು ಹೋಗಬೇಕಿತ್ತು. ಗಂಡಹೆಂಡಿರ ಜಗಳದ ಸರಕನ್ನು ಯಾವ ಬುದ್ಧಿವಂತನೂ ಕೊಳ್ಳಲಾರ. ಆದರೆ ಮುಚ್ಚಿದ ಪೆಟ್ಟಿಗೆ ಕಣ್ಣೆದುರಿಗಿತ್ತು. "ನಿನ್ನ ಅಪ್ಪಣೆ ಇದ್ದರೆ ನಾನು ನೋಡ್ತೀನಿ," ಅಂದೆ. ಅವಳು ಗೋಡೆ ನೋಡುತ್ತ ತಲೆಯಾಡಿಸಿದಳು.

ಹೆಚ್ಚಿನವು ಧ್ವನಿಯ ಸಂದೇಶಗಳು. ಅವುಗಳನ್ನು ಮುಟ್ಟಲಿಲ್ಲ, ತಾರೀಖು ಮಾತ್ರ ನೋಡಿದೆ. ಕಾಗದದಲ್ಲಿ ಮಾತು ಸುಳ್ಳಾಡಬಹುದು, ತಾರೀಖು ಸುಳ್ಳಾಡುವುದು ಕಡಿಮೆ.

"ಮುನೀರ್ ದೋಣಿ ಹತ್ತಿದ್ದು ಯಾವತ್ತು?"

"ನಾಲ್ಕನೇ ತಾರೀಖು."

"ಅಲ್ಲಿ ಫೋನ್ ಸಿಗುತ್ತಾ?"

"ದಡಕ್ಕೆ ಬಂದರೆ ಮಾತ್ರ. ಇನ್ನೂ ಬಂದಿಲ್ಲ."

"ಹಾಗಾದರೆ ಒಂಬತ್ತನೇ ತಾರೀಖು ಬೆಳಿಗ್ಗೆ ಹತ್ತೂವರೆಗೆ ನೋರಾಗೆ ಉತ್ತರ ಕೊಟ್ಟಿದ್ದು ಯಾರು? ಹನ್ನೊಂದನೇ, ಹನ್ನೆರಡನೇ ತಾರೀಖು ಇದೇ ಯಂತ್ರದಲ್ಲಿ ಫುಟ್‌ಬಾಲ್ ಆಡಿದ್ದು ಯಾರು? ಇಲ್ಲಿ ನೋಡು. ಗೆದ್ದ ಆಟಕ್ಕೆಲ್ಲ ತಾರೀಖು ಇದೆ. ಎಲ್ಲ ಬೆಳಗಿನ ಹೊತ್ತು, ಎಲ್ಲ ಕೆಲಸದ ದಿನ. ಭಾನುವಾರ ಒಂದೂ ಇಲ್ಲ."

"ಆ ಹೊತ್ತಲ್ಲಿ ನಾನು ಕಾರ್ಖಾನೇಲಿರ್ತೀನಿ," ಎಂದಳು ಗಿಜ್ಲಾನ್ ನಿಧಾನಕ್ಕೆ. "ಮನೇಲಿ ಯಾರೂ..."

ನಾನು ಎಣ್ಣೆ ಹಿಡಿದ ಕಂಟ್ರೋಲರನ್ನು ಭೂತಗನ್ನಡಿಯ ಕೆಳಗಿಟ್ಟೆ. ಬಿಳಿ ಕಾಳು ರವೆಯಾಗಿತ್ತು. ಕಂಟ್ರೋಲರನ್ನು ಗಿಜ್ಲಾನಳ ಕೈಗೆ ಕೊಟ್ಟೆ. ಅವಳು ಉಗುರಿನಿಂದ ಒಂದು ಕಾಳು ಕೆರೆದು ತೆಗೆದು, ಬಾಗಿಲ ಕಡೆ ತಿರುಗಿದಳು.

ಲಲ್ಲಾ ತಾಮು ಎರಡೂ ಕೈಗಳನ್ನು ಏಪ್ರನ್ನಿನ ಒಳಗೆ ಸೇರಿಸಿದ್ದಳು.

"ನೋರಾ ಊಜ್ದಾ ಊರಿನವಳು," ಅಂದಳು. "ಸೂಲಗಿತ್ತಿ ಆಗಿದ್ದಳಂತೆ, ಈಗ ಮಂಡಿ ನೋವು. ಪಾಪ, ಗೋಲ್ ಕಾಯೋಕೇ ಬರಲ್ಲ ಅವಳಿಗೆ. ಮುನೀರ್ ಆಡುವಾಗ ನೋಡಿ ನೋಡಿ ಕಲಿತುಕೊಂಡೆ, ಅವನ ಹೆಸರಲ್ಲೇ ಆಡ್ತೀನಿ. ರೊಟ್ಟಿ ಮುಗಿದ ಮೇಲೆ ಮನೇಲಿ ಗಡಿಯಾರ ಬಿಟ್ಟರೆ ಮಾತಾಡೋರು ಯಾರಿದ್ದಾರೆ ನನಗೆ? ಮೆಕ್ಕಾಗೆ ಹೋಗಿಬಂದವಳು ಚೆಂಡು ಒದೀತಾಳೆ ಅಂತ ಕೇರಿ ನಗುತ್ತೆ. ಅದಕ್ಕೆ ಹೇಳಲಿಲ್ಲ."

"ಎರಡು ತಿಂಗಳು," ಅಂದಳು ಗಿಜ್ಲಾನ್. ದನಿ ಏರಲಿಲ್ಲ, ಏರಿದ್ದರೆ ಕೇಳುವುದು ಸುಲಭವಿತ್ತು. "ಎರಡು ತಿಂಗಳು ನಿಮ್ಮ ಮಗನಿಗೆ ಬೈದೆ ಲಲ್ಲಾ. ಈ ಗೋಡೆ ಆಚೆ ನೀವಿದ್ರಿ. ನೋರಾ ನೋರಾ ಅಂತ ಎಷ್ಟು ಸಲ ಅಂದೆ ನಾನು?"

"ನನಗೆ ಕಿವಿ ಮಂದ ಮಗಳೇ. ಜಗಳ ಅಂತ ಗೊತ್ತಾಗ್ತಿತ್ತು, ಯಾತಕ್ಕೆ ಅಂತ ಕೇಳಿಸ್ತಿರಲಿಲ್ಲ. ಕೇಳಿಸಿದ್ರೆ ಸುಮ್ಮನಿರ್ತಿದ್ನಾ?"

ಕಿವಿ ಮಂದ. ಹಾದ್ದಾಳ ಕಿವಿಯಲ್ಲಿ ನಾನು ಉಸುರಿದ್ದನ್ನು ಅಡುಗೆಮನೆಯಲ್ಲಿ ಕೇಳಿಸಿಕೊಂಡ ಕಿವಿ. ಮಾತು ನನ್ನ ನಾಲಿಗೆಯ ತುದಿಗೆ ಬಂತು. ಮುದುಕಿ ನನ್ನನ್ನೇ ನೋಡುತ್ತಿದ್ದಳು. ಬಂದರಿನಲ್ಲಿ ಕೊನೆಯ ಪೆಟ್ಟಿಗೆಗೆ ಕೈ ಹಾಕುವಾಗ ಲಾರಿಯವರು ನೋಡುತ್ತಿದ್ದ ರೀತಿ ಅದು. ನಾನು ಚಹಾ ಕುಡಿದೆ.

"ಮಾರಿಬಿಡು," ಅಂದಳು ತಾಮು ಸೊಸೆಗೆ. "ಇವರು ಒಳ್ಳೆಯವರ ಹಾಗಿದ್ದಾರೆ. ಕೊಟ್ಟುಬಿಡು."

"ಅವರು ಬರಲಿ," ಅಂದಳು ಗಿಜ್ಲಾನ್. "ಮೊದಲು ನಾನು ಅವರ ಹತ್ತಿರ ಮಾತಾಡಬೇಕು. ಹಾಜ್, ಬೇಜಾರು ಮಾಡ್ಕೋಬೇಡಿ."

ಹಾದ್ದಾ ಎದ್ದು ಅವಳ ತಲೆ ಸವರಿದಳು. ಬರಿಗೈಯಲ್ಲಿ ಹೊರಟೆವು.

ಬಸ್ಸು ಬಂದರಿನ ಗೋಡೆ ದಾಟಿದ ಮೇಲೆ ನಾನು, "ಈಗಲಾದರೂ ಹೇಳು. ನಿನಗೆ ಯಾಕೆ ಬೇಕು ಅದು?" ಎಂದು ಕೇಳಿದೆ.

"ಹೇಳಿದರೆ ಭೂತಗನ್ನಡಿ ತೆಗೆಯಲ್ಲ ತಾನೇ?"

"ಇಲ್ಲ."

"ನೀವು ಕೆಲಸಕ್ಕೆ ಹೋಗ್ತಿದ್ದಾಗ ಹಗಲು ನಂದಾಗಿತ್ತು. ಈಗ ಉಪ್ಪಿನ ಡಬ್ಬ ತೆಗೆದರೂ ಹಿಂದೆ ನಿಂತಿರ್ತೀರಿ. ತಂಗಿ ಮನೇಲಿ ಆ ಕಾರು ಓಡಿಸ್ತಾ ಇದ್ದಾಗ ಯಾರೂ ಏನೂ ಕೇಳಲಿಲ್ಲ. ಗೋಡೆಗೆ ಗುದ್ದಿದೆ, ಸಮುದ್ರಕ್ಕೆ ಬಿದ್ದೆ. ಯಾಕೆ ಬಿದ್ದೆ ಅಂತ ಯಾರೂ ವಿಚಾರಣೆ ಮಾಡಲಿಲ್ಲ." ಅವಳು ಕಿಟಕಿಯ ಕಡೆ ತಿರುಗಿದಳು. "ಅಷ್ಟೇ. ದೊಡ್ಡ ಗುಟ್ಟೇನೂ ಅಲ್ಲ."

ಮನೆ ಬರುವತನಕ ತಾಮುವಿನ ಗಡಿಯಾರದ ಮಾತೂ ಇವಳ ಮಾತೂ ತಲೆಯಲ್ಲಿ ಒಂದಕ್ಕೊಂದು ತಗುಲುತ್ತಿದ್ದವು. ಒಬ್ಬಳಿಗೆ ಮಾತಾಡುವವರಿಲ್ಲ, ಇನ್ನೊಬ್ಬಳಿಗೆ ಮಾತು ನಿಲ್ಲಿಸುವವರಿಲ್ಲ. ಮರುದಿನ ಅಂಗಡಿಗೆ ಹೋಗಿ ಹೊಸದನ್ನೇ ತಂದೆ. ಗುಣದೋಷದ ಹಾಳೆ ಜೇಬಿನಲ್ಲೇ ಇತ್ತು, ತೆಗೆದು ನೋಡಲಿಲ್ಲ. ಡಬ್ಬವನ್ನು ಅವಳೇ ಬಿಚ್ಚಿದಳು. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಕಡಲದಂಡೆಯಲ್ಲಿ ತಿರುಗಾಡಬೇಕೆಂಬ ಕರಾರೂ ಆಯಿತು.

ಒಂದು ತಿಂಗಳ ಮೇಲೆ ಮುನೀರ್ ನಮ್ಮ ಮನೆ ಹುಡುಕಿಕೊಂಡು ಬಂದ. ಜಾಹೀರಾತಿಗೆ ಬರೆಯುವಾಗ ಹಾದ್ದಾ ಕೊಟ್ಟಿದ್ದ ವಿಳಾಸ ಹೆಂಡತಿಯ ಫೋನಿನಲ್ಲಿ ಸಿಕ್ಕಿತಂತೆ. ಬಿಸಿಲಿಗೆ ಸುಟ್ಟ ಮೂಗು, ಕೈಯಲ್ಲಿ ಒದ್ದೆ ಚೀಲ, ಅದರ ತುಂಬ ಮೀನು. ಗಿಜ್ಲಾನ್ ಕ್ಷಮೆ ಕೇಳಿದಳೆಂದೂ ತಾನು ಮೂರು ದಿನ ಬಿಗುಮಾನದಿಂದಿದ್ದು ಆಮೇಲೆ ಸೋತೆನೆಂದೂ ಹೇಳಿದ. ಪೆಟ್ಟಿಗೆಯ ಬಗ್ಗೆ ಕೇಳಿದೆ.

"ಟೀವಿ ಕೆಳಗೇ ಇದೆ. ಅಮ್ಮ ಮುಟ್ತಾ ಇಲ್ಲ. ನೀವು ಬೇಕಾದ್ರೆ ತಗೊಳ್ಳಿ ಅಂತ ಹೇಳೋಕೆ ಬಂದೆ."

"ನಮಗೆ ಸಿಕ್ಕಿದೆಯಪ್ಪ," ಅಂದಳು ಹಾದ್ದಾ. "ಅಮ್ಮನಿಗೆ ಹೇಳು, ನನಗೂ ಗೋಲ್ ಕಾಯೋಕೆ ಬರಲ್ಲ. ಕಲಿಸಿಕೊಡಲಿ."

ಅವನು ನಕ್ಕ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವಾಗ ಮಾತ್ರ ನನ್ನೊಬ್ಬನಿಗೇ ಕೇಳುವಂತೆ, "ಹಾಜ್, ನೀವು ಸುಂಕದ ಕಟ್ಟೇಲಿದ್ದವರಂತೆ. ಕಂಡಿರ್ತೀರಿ. ನಾನು ಬೈಸಿಕೊಳ್ತಾ ಇದ್ದಾಗ ಅಮ್ಮನಿಗೆ ನಿಜವಾಗ್ಲೂ ಕೇಳಿಸ್ತಿರಲಿಲ್ವಾ?" ಎಂದ.

ಅವನ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಮಗನಾದವನು ಇಂಥ ಪ್ರಶ್ನೆಯನ್ನು ಎಷ್ಟು ದಿನ ಹೊತ್ತು ತಿರುಗಿದ್ದನೋ.

"ವಯಸ್ಸಾದವರ ಕಿವಿ," ಅಂದೆ. "ಒಮ್ಮೆ ಕೇಳುತ್ತೆ, ಒಮ್ಮೆ ಕೇಳಲ್ಲ. ನನಗೂ ಹಾಗೇ ಆಗಿದೆ."

ಅವನ ಹೆಗಲಿನ ಭಾರ ಇಳಿದಂತಾಯಿತು. ನನ್ನ ಕೈಗೆ ಮುತ್ತಿಟ್ಟು ಮೆಟ್ಟಿಲಿಳಿದು ಹೋದ.

ಒಳಗೆ ಹಾದ್ದಾ ಮೀನಿನ ಪೊರೆ ಕೆರೆಯುತ್ತಿದ್ದಳು. ಚಾಕು ನಿಲ್ಲಿಸಿ, "ಅವಳಿಗೆ ಕೇಳಿಸಿತ್ತು. ಅಲ್ವಾ?" ಅಂದಳು.

"ಒಂದೊಂದು ಮಾತೂ."

ಅವಳು ಹೌದೆಂಬಂತೆ ತಲೆಯಾಡಿಸಿ, ಪಕ್ಕಕ್ಕೆ ಸರಿದು ಅಡುಗೆಕಟ್ಟೆಯ ಹತ್ತಿರ ನನಗೂ ಜಾಗ ಮಾಡಿದಳು. ನಾನು ಅಂಗಿಯ ತೋಳು ಮಡಿಸಿ ಇನ್ನೊಂದು ಚಾಕು ತೆಗೆದುಕೊಂಡೆ.